ಬಿದ್ದ ಲಿಫ್ಟ್ ಓಡುತ್ತಿತ್ತು

ಅಕ್ಟೋಬರ್ ಇಪ್ಪತ್ತೆಂಟರ ಬೆಳಗ್ಗೆ ಜೆ.ಪಿ. ನಗರದ ಠಾಣೆಗೆ ದೂರು ಬಂತು. ಒಂದು ಅಪಾರ್ಟ್‌ಮೆಂಟಿನ ದೊಡ್ಡ ಲಿಫ್ಟ್ ಹಿಂದಿನ ದಿನ ಬ್ರೇಕ್ ಹಿಡಿಯದೆ ತಳಕ್ಕೆ ಅಪ್ಪಳಿಸಿ, ಮನೆಗೆಲಸದ ಲಕ್ಷ್ಮಮ್ಮನ ಕಾಲು ಮುರಿದಿತ್ತು. ಮೋಟಾರಿನ ಅದುರಾಟವನ್ನು ಸೆನ್ಸರಿನಿಂದ ಗಮನಿಸಿ, ಏರುಪೇರು ಕಂಡರೆ ಲಿಫ್ಟನ್ನು ತಾನೇ ನಿಲ್ಲಿಸಬೇಕಿದ್ದ ಕಂಪ್ಯೂಟರ್ ಸುಮ್ಮನಿತ್ತು. ಅದನ್ನು ನೋಡಿಕೊಳ್ಳುವ ಟೆಕ್ನಿಷಿಯನ್ ರೇವಂತನೇ ಕಾರಣ ಎಂದು ನಿವಾಸಿಗಳ ಸಂಘದ ಕಾರ್ಯದರ್ಶಿ ಭಾರ್ಗವ ಬರೆದುಕೊಟ್ಟಿದ್ದರು. ಎಫ್‌ಐಆರ್ ದಾಖಲಾಯಿತು.

ಇನ್‌ಸ್ಪೆಕ್ಟರ್ ಶ್ರೀದೇವಿಯ ಮುಂದೆ ರೇವಂತ ತನ್ನ ಮೊಬೈಲ್ ಇಟ್ಟ. ಪರದೆಯಲ್ಲಿ ದೊಡ್ಡ ಲಿಫ್ಟಿನ ಅದುರಾಟದ ಗೆರೆ ಕುಣಿಯುತ್ತಿತ್ತು.

"ಮೇಡಂ, ಲಿಫ್ಟು ಗುಂಡೀಲಿ ಬಿದ್ದಿದೆ. ಇದ್ರಲ್ಲಿ ಇನ್ನೂ ಓಡ್ತಿದೆ ಅಂತ ತೋರಿಸ್ತಿದೆ."

"ಯಾರು ಓಡಿಸ್ತಿರೋದು, ದೆವ್ವಾನಾ?" ಎಂದ ಕಾನ್‌ಸ್ಟೇಬಲ್ ಹೊಳೆಪ್ಪ.

"ನಂಗೂ ತಲೆ ಕೆಟ್ಟೋಗಿದೆ ಸಾರ್. ಆಯುಧಪೂಜೆಗೆ ಮುಂಚೆ ಅಲ್ಲಿಗೆ ಹೋಗಿದ್ದು, ಆಮೇಲೆ ನಾನು ಹೋಗೇ ಇಲ್ಲ. ನನ್ನನ್ನ ಒಳಗೆ ಹಾಕ್ತೀರಾ?"

ಶ್ರೀದೇವಿ ಮೊಬೈಲನ್ನು ಹತ್ತಿರಕ್ಕೆ ಎಳೆದುಕೊಂಡರು. ಆ ಗೆರೆ ಏಕೆ ಕುಣಿಯುತ್ತಿದೆಯೆಂದು ಅವರಿಗೂ ತಿಳಿದಿರಲಿಲ್ಲ.

ಮಧ್ಯಾಹ್ನ ತಾರಸಿಯ ಮೋಟಾರ್ ಕೋಣೆಯಲ್ಲಿ ರೇವಂತ, ಭಾರ್ಗವ ಇಬ್ಬರ ಸಮ್ಮುಖದಲ್ಲಿ ಪಂಚನಾಮೆ ನಡೆಯಿತು. ಪಕ್ಕದ ಚಿಕ್ಕ ಲಿಫ್ಟ್ ಹೊರಟಾಗಲೆಲ್ಲ ರೇವಂತನ ಮೊಬೈಲಿನಲ್ಲಿ ದೊಡ್ಡ ಲಿಫ್ಟಿನ ಗೆರೆ ಜಿಗಿಯುತ್ತಿತ್ತು.

"ಹೊಳೆಪ್ಪ, ಚಿಕ್ಕದನ್ನ ನಿಲ್ಸು."

ಗೆರೆ ಚಪ್ಪಟೆಯಾಯಿತು.

ಎರಡೂ ಲಿಫ್ಟುಗಳ ಸೆನ್ಸರುಗಳು ಚಿಕ್ಕ ಲಿಫ್ಟಿನ ಮೋಟಾರಿಗೇ ಅಂಟಿಕೊಂಡಿದ್ದವು. ಪಂಚರ ಎದುರು ದೊಡ್ಡ ಲಿಫ್ಟಿನದನ್ನು ಕಿತ್ತರು. ಅದರಡಿಯಲ್ಲಿ ಆಯುಧಪೂಜೆಯಂದು ಮೋಟಾರಿಗೆ ಹಚ್ಚಿದ ಕುಂಕುಮ ಒಣಗಿ ಹಾಗೇ ಇತ್ತು. ಸೆನ್ಸರನ್ನು ಇಲ್ಲಿಗೆ ಅಂಟಿಸಿದ್ದು ಪೂಜೆಯ ನಂತರ.

"ಭಾರ್ಗವ ಅವರೇ, ಪೂಜೆ ಆದ್ಮೇಲೆ ಈ ರೂಮಿನ ಕೀ ಯಾರ ಹತ್ರ ಇತ್ತು?"

"ನನ್ ಹತ್ರಾನೇ."

"ಯಾರಿಗಾದ್ರೂ ಕೊಟ್ರಾ?"

ಅವರು ತಲೆಯಾಡಿಸಿದರು, ಇಲ್ಲವೆಂದು.

"ಮತ್ತೆ ಆ ಹುಡುಗನ ಹೆಸರು ಯಾಕೆ ಬರೆದ್ರಿ?"

"ಹೆದರಿಕೆ ಆಯ್ತು ಮೇಡಂ." ಭಾರ್ಗವ ಗೋಡೆಗೆ ಒರಗಿದರು. "ಆ ಕಂಪ್ಯೂಟರ್ರು ಮಾತೆತ್ತಿದ್ರೆ ಲಿಫ್ಟ್ ನಿಲ್ಲಿಸೋದು. ಎಷ್ಟೋ ಸಲ ಏನೂ ಆಗಿರ್ತಿರ್ಲಿಲ್ಲ. ಪೂಜೆ ಆದ್ಮೇಲೆ ಮತ್ತೆ ನಿಂತಾಗ ಇದೂ ಸುಳ್ಳು ಅಲಾರಂ ಅಂದ್ಕೊಂಡೆ. ನಮ್ಮಕ್ಕನ ವೀಲ್‌ಚೇರು ಚಿಕ್ಕ ಲಿಫ್ಟಲ್ಲಿ ಹಿಡಿಯಲ್ಲ. ಅದಕ್ಕೇ ದೊಡ್ಡದರ ಸೆನ್ಸರ್ ಕಿತ್ತು ಇಲ್ಲಿ ಅಂಟಿಸ್ದೆ."

ರೇವಂತ ಅಲ್ಲೇ ಮೆಟ್ಟಿಲ ಮೇಲೆ ಕುಳಿತ. "ನೀನು ಮನೆಗೆ ಹೋಗಪ್ಪ," ಎಂದರು ಶ್ರೀದೇವಿ.

ಭಾರ್ಗವರ ದಸ್ತಗಿರಿಯ ವಿಷಯ ಮನೆಯವರಿಗೆ ತಿಳಿಸಲು ಶ್ರೀದೇವಿ ಅವರೊಂದಿಗೆ ಒಂಬತ್ತನೆಯ ಮಹಡಿಗೆ ಇಳಿದರು. ಭಾರ್ಗವರ ಅಕ್ಕ ಕಲ್ಯಾಣಿ ಬಾಗಿಲಲ್ಲೇ ವೀಲ್‌ಚೇರಿನಲ್ಲಿದ್ದರು. ತಲೆ ಬಾಚಿ ಹೂ ಮುಡಿದಿದ್ದರು. ಸಂಜೆ ಕೆಳಗಿಳಿದು ಹೆಂಗಸರೊಂದಿಗೆ ಹರಟುವ ಒಂದು ಗಂಟೆ ಬಿಟ್ಟರೆ ಅವರಿಗೆ ಹೊರಗಿನ ಪ್ರಪಂಚವಿರಲಿಲ್ಲ.

"ಇವ್ರೂ ಲಿಫ್ಟ್ ನೋಡಕ್ಕೆ ಬಂದವ್ರೇನೋ?"

"ಹೂಂ ಅಕ್ಕ," ಎಂದರು ಭಾರ್ಗವ.

"ಆ ಲಕ್ಷ್ಮಮ್ಮನ ಕಾಲು ಮುರಿದವನ್ನ ಸುಮ್ನೆ ಬಿಡ್ಬೇಡಿ ಮೇಡಂ," ಎಂದರು ಕಲ್ಯಾಣಿ.

ಶ್ರೀದೇವಿ ದಸ್ತಗಿರಿಯ ಕಾಗದವನ್ನು ಮಡಚಿ ಫೈಲಿನೊಳಗೆ ಸೇರಿಸಿದರು. ಭಾರ್ಗವ ಠಾಣೆಗೆ ಹೊರಡಲು ಬಗ್ಗಿ ಚಪ್ಪಲಿ ಮೆಟ್ಟಿಕೊಂಡರು.