ಎಂಟು ತಿಂಗಳು ಸಹಿಯಾಗದ ಹೆಸರು

ಅವರಿಬ್ಬರ ಮೊದಲ ಜಗಳ ನಡೆದದ್ದು ಒಂದು ಬಟನ್ನಿನ ಹೆಸರಿಗಾಗಿ.

ಅವನು ಗೇಮ್ ಡಿಸೈನರ್. ರಾಜ್ಯ ಕಟ್ಟುವ ಆಟ. ಗೆದ್ದ ಊರಿನ ಜನರನ್ನು ಎಬ್ಬಿಸಿ ಗಣಿಯ ಪಕ್ಕಕ್ಕೆ ಸಾಗಿಸಿದರೆ ಕಬ್ಬಿಣ ಇಮ್ಮಡಿ. ಹಾಗೆ ಸಾಗಿಸುವ ಬಟನ್ನಿಗೆ ಅವನಿಟ್ಟ ಹೆಸರು ‘ಜನ ಮರುಹಂಚಿಕೆ’. ಅವಳು ಆಟದ ಮಾತುಗಳನ್ನು ಬರೆಯುವವಳು, ಇತಿಹಾಸ ಓದಿದವಳು, ಕೆಲಸಕ್ಕೆ ಸೇರಿ ಮೂರು ದಿನವಾಗಿತ್ತು. ಅವಳ ಸಹಿಯಿಲ್ಲದೆ ಯಾವ ಹೆಸರೂ ಆಟದೊಳಗೆ ಹೋಗುವಂತಿರಲಿಲ್ಲ. ಅವಳು ಅದನ್ನು ಹೊಡೆದುಹಾಕಿ ‘ಒಕ್ಕಲೆಬ್ಬಿಸು’ ಎಂದು ಬರೆದಳು.

“ಇಷ್ಟು ಒರಟಾಗಿ ಇಟ್ರೆ ಯಾರೂ ಒತ್ತಲ್ಲ,” ಎನ್ನುತ್ತ ಅವನು ಅವಳ ಮೇಜಿಗೇ ಬಂದ.

“ಒತ್ತದಿದ್ರೆ ಬಿಡ್ಲಿ. ಒತ್ತೋರು ಏನು ಮಾಡ್ತಿದೀವಿ ಅಂತ ಗೊತ್ತಿದ್ದು ಒತ್ತಲಿ.”

“ಇದು ಆಟ, ಮೇಡಂ.”

“ಆಟದಲ್ಲೂ ನಿಜ ಹೇಳೋಕಾಗಲ್ವಾ ನಿಮಗೆ?”

ಅವಳು ತಲೆ ಎತ್ತಲಿಲ್ಲ. ತುಟಿಯ ಒಂದು ಕೊನೆ ಮಾತ್ರ ತುಸು ಮೇಲೇರಿತ್ತು, ಅವನು ಅದನ್ನು ನೋಡಿಬಿಟ್ಟ. ಅಲ್ಲಿಗೆ ಅವನ ಕಥೆ ಮುಗಿಯಿತೆನ್ನಬೇಕು.

ಆ ಹೆಸರು ಎಂಟು ತಿಂಗಳು ಇತ್ಯರ್ಥವಾಗಲಿಲ್ಲ. ಅದರ ನೆಪದಲ್ಲಿ ದಿನವೂ ಕಾಫಿ, ಕಾಫಿಯ ನೆಪದಲ್ಲಿ ಬಸ್ ನಿಲ್ದಾಣದವರೆಗೆ ನಡಿಗೆ. ಒಂದು ಸಂಜೆ ಲಿಫ್ಟಿನಲ್ಲಿ ಅವಳು ಅವನ ಕೈ ಹಿಡಿದಳು, ಕೆಳಗಿಳಿದ ಮೇಲೂ ಬಿಡಲಿಲ್ಲ. ಅದಕ್ಕೆ ಇಬ್ಬರೂ ಹೆಸರಿಡಲಿಲ್ಲ.

ಒಂದು ಭಾನುವಾರ ಇಬ್ಬರೂ ಅಂಗಡಿಯಲ್ಲಿ ಅವನ ಮನೆಗೆ ಪರದೆ ಬಟ್ಟೆ ಆರಿಸುತ್ತಿದ್ದಾಗ ಅವನ ಅಕ್ಕ ಎದುರಾದಳು.

“ಇವ್ರು ಯಾರೋ?”

“ಆಫೀಸಿನವ್ರು. ಕೆಲಸದ ಮೇಲೆ ಬಂದಿದ್ವಿ.”

ಪರದೆ ಅಂಗಡಿಯಲ್ಲಿ ಯಾವ ಆಫೀಸ್ ಕೆಲಸವೋ. ಅಕ್ಕ ಕಿವಿಗೆ ಹೂವಿಡಿಸಿಕೊಳ್ಳುವವಳಲ್ಲ, ಆದರೂ ನಕ್ಕು ಮುಂದೆ ಹೋದಳು. ಅವನ ಜೊತೆ ಬಂದಿದ್ದವಳು ಕೈಲಿದ್ದ ಬಟ್ಟೆಯನ್ನು ಮಡಚಿ ಇಟ್ಟು ತನ್ನ ಮನೆಗೆ ಹೋದಳು.

ಸೋಮವಾರ ‘ಜನ ಮರುಹಂಚಿಕೆ’ಯ ಮುಂದೆ ಅವಳ ಸಹಿ ಬಿದ್ದಿತ್ತು.

“ಯಾಕೆ ಒಪ್ಕೊಂಡ್ರಿ?”

“ನೀವೇ ಗೆದ್ರಿ. ಮೊದಲೇ ಕರೀತಿದ್ದ ಬೇರೆ ಕಂಪನಿಗೆ ನಿನ್ನೆ ಹೂಂ ಅಂದೆ. ಶುಕ್ರವಾರ ಇಲ್ಲಿ ಕೊನೆ ದಿನ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ನಿಮಗೆ ಎಲ್ಲದಕ್ಕೂ ಒಂದು ಮೆತ್ತಗಿನ ಹೆಸರು ಬೇಕು. ಆಟದಲ್ಲಾದ್ರೆ ಜಗಳ ಆಡ್ಬಹುದು. ನನಗೇ ‘ಆಫೀಸಿನವ್ರು’ ಅಂತ ಇಟ್ರೆ ಏನು ಮಾಡ್ಲಿ?”

ಅವನಿಗೆ ಭಯವಾಯಿತು. ನಾಲ್ಕು ದಿನ ಭಯಪಟ್ಟು, ಶುಕ್ರವಾರ ಮಧ್ಯಾಹ್ನ ಅವಳ ಮೇಜಿನ ಮುಂದೆ ಬಂದು ನಿಂತ.

“ಹೆಸರು ಬದಲಾಯಿಸಿದೆ. ಇನ್ನೊಂದು ಸಹಿ ಬೇಕು.”

ತೆರೆಯ ಮೇಲೆ ‘ಒಕ್ಕಲೆಬ್ಬಿಸು’ ಎಂದಿತ್ತು. ಅವಳು ಸಹಿ ಹಾಕಿದಳು.

“ಇದಕ್ಕೇ ಬಂದ್ರಾ?”

“ಅಲ್ಲ. ನಾನು ನಿಮ್ಮನ್ನ ಪ್ರೀತಿಸ್ತೀನಿ. ಅಕ್ಕನ ಮುಂದೆ ಸುಳ್ಳು ಹೇಳಿದೆ. ಪ್ರೀತಿ ಅಂತ ಬಾಯಿಬಿಟ್ಟು ಹೇಳಿದ್ರೆ, ನಾಳೆ ಕಳ್ಕೊಂಡಾಗ ಏನು ಕಳ್ಕೊಂಡೆ ಅಂತಾನೂ ಹೇಳ್ಬೇಕಾಗುತ್ತಲ್ಲ, ಅದಕ್ಕೆ.”

ಅವಳು ತನ್ನ ಉಳಿದ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಿದಳು.

“ಕೆಲಸ ಬಿಡೋದು ಬಿಡೋದೇ,” ಎಂದಳು.

“ಸರಿ.”

“ನಿಮ್ಮನ್ನ ಬಿಡ್ತೀನಿ ಅಂತ ಯಾವಾಗ ಹೇಳಿದೆ?”

ಅವಳು ಪೆಟ್ಟಿಗೆಯನ್ನು ಅವನ ಕಡೆ ತಳ್ಳಿದಳು.

“ಎತ್ಕೋ. ಭಾರ ಇದೆ.”