ದೆಹಲಿಯೂ ಬೆಂಗಳೂರೂ ಒಪ್ಪಿಕೊಂಡ ಕರೆ

ಮಂಗಳವಾರ ಬೆಳಗ್ಗೆ ಹತ್ತೂವರೆಗೆ ತುಮಕೂರು ನಗರದ ಠಾಣೆಗೆ ಬಂದ ದೂರು ವಿಚಿತ್ರವಾಗಿತ್ತು. ಸರ್ಕಾರ ಕೆಲಸ ಮಾಡಲಿಲ್ಲ ಎಂದು ದೂರುವವರನ್ನು ಇನ್‌ಸ್ಪೆಕ್ಟರ್ ಪ್ರಭುದೇವ ಬೇಕಾದಷ್ಟು ಕಂಡಿದ್ದರು. ಸರ್ಕಾರ ಬೇಗ ಕೆಲಸ ಮಾಡಿಬಿಟ್ಟಿತು ಎಂದು ದೂರಿದವರು ಇವರೇ ಮೊದಲು.

ದೂರುದಾರ ಭಾನುಪ್ರಕಾಶ್, ಖಾಸಗಿ ಹೃದ್ರೋಗ ಆಸ್ಪತ್ರೆಯೊಂದರ ವ್ಯವಸ್ಥಾಪಕ.

"ಗುಬ್ಬಿ ಪೇಷೆಂಟ್ ಸರ್, ಮಂಜುಳಮ್ಮ ಅಂತ. ಸ್ಕೂಲಲ್ಲಿ ಬಿಸಿಯೂಟ ಮಾಡೋರು. ಹಾರ್ಟ್ ವಾಲ್ವ್ ಕೆಟ್ಟಿತ್ತು. ಸರ್ಕಾರದ ಆರೋಗ್ಯ ಕಾರ್ಡ್ ಮೇಲೆ ಆಪರೇಷನ್‌ಗೆ ಕಳಿಸಿದ್ವಿ. ಅಪ್ರೂವಲ್ ಬರ್ಲಿಲ್ಲ."

"ಯಾಕೆ?"

"ಗಂಡ ತೀರಿಹೋದ್ಮೇಲೆ ರೇಷನ್ ಕಾರ್ಡ್ ಬೇರೆ ಮಾಡ್ಸಿದ್ದಾರೆ. ಹಳೇ ಕಾರ್ಡ್ ಕೇಂದ್ರದ ಪಟ್ಟೀಲಿದೆ, ಹೊಸದು ಇಲ್ಲ. ಬೆಂಗಳೂರಿಗೆ ಕೇಳಿದ್ರೆ ಪಟ್ಟಿ ದೆಹಲೀದು ಅಂತಾರೆ. ದೆಹಲಿಗೆ ಕೇಳಿದ್ರೆ ಆರೋಗ್ಯ ರಾಜ್ಯದ ವಿಷಯ ಅಂತಾರೆ."

"ಆಮೇಲೆ?"

"ಶುಕ್ರವಾರ ದೆಹಲಿಯಿಂದ ಫೋನ್ ಬಂತು. ಅದೇ ಕರೆಗೆ ಬೆಂಗಳೂರು ಆಫೀಸರನ್ನೂ ಸೇರಿಸಿದ್ರು. ಇಬ್ರೂ ಒಪ್ಕೊಂಡ್ರು, ಆಪರೇಷನ್ ಮಾಡಿ ಅಂದ್ರು. ಮಾಡಿದ್ವಿ. ನಿನ್ನೆ ವಿಚಾರಿಸಿದ್ರೆ ಎರಡೂ ಕಡೆಯಿಂದ ಯಾರೂ ಫೋನೇ ಮಾಡಿಲ್ವಂತೆ!"

"ಫೋನಲ್ಲಿ ಹೇಳಿದ್ದಕ್ಕೆ ನಂಬಿಬಿಟ್ರಾ?"

"ಬೈದ್ರು ಸರ್. ಬೈದದ್ದಕ್ಕೇ ನಿಜ ಅನ್ನಿಸ್ತು."

ಬಾಗಿಲ ಬಳಿ ನಿಂತಿದ್ದ ಎಎಸ್‌ಐ ಅಡವಿಯಪ್ಪ ಮೀಸೆಯೊಳಗೇ ಗೊಣಗಿದರು. "ದೆಹಲಿನೂ ಬೆಂಗಳೂರೂ ಒಂದೇ ಫೋನಲ್ಲಿ ಒಪ್ಕೊಂಡ್ರಂತೆ. ಅಲ್ಲೇ ಅನುಮಾನ ಬರ್ಬೇಕಿತ್ತು."

"ಪೇಷೆಂಟ್ ಹೇಗಿದ್ದಾರೆ?" ಪ್ರಭುದೇವ ಕೇಳಿದರು.

"ಚೆನ್ನಾಗಿದ್ದಾರೆ ಸರ್, ಅದೇ ತೊಂದ್ರೆ. ಬಿಲ್ ಯಾರು ಕೊಡ್ತಾರೆ? ಶುಕ್ರವಾರದೊಳಗೆ ಕಟ್ಟದಿದ್ರೆ ಡಿಸ್ಚಾರ್ಜ್ ಇಲ್ಲ ಅಂತ ಮಗಳಿಗೆ ಹೇಳಿದೀವಿ."

ಪ್ರಭುದೇವ ಪೆನ್ನಿನ ತುದಿಯಿಂದ ಮೇಜು ಕುಟ್ಟಿದರು. "ಹ್ಞಾಂ... ನೋಡ್ರಿ. ಬಿಲ್ಲಿಗೋಸ್ಕರ ಮನುಷ್ಯರನ್ನ ಹಿಡಿದಿಟ್ಕೊಳ್ಳೋ ಹಾಗಿಲ್ಲ. ಒಂದು ಸಲ ಹೇಳ್ತೀನಿ, ಎರಡು ಸಲ ಹೇಳ್ತೀನಿ. ಮೂರನೇ ಸಲ ಹೇಳೋದಿಲ್ಲ, ಬರೀತೀನಿ."

ಭಾನುಪ್ರಕಾಶ್ ತಲೆಯಾಡಿಸಿ ದೂರಿಗೆ ಸಹಿ ಹಾಕಿದ. ಸರ್ಕಾರಿ ಅಧಿಕಾರಿಯ ಸೋಗು ಮತ್ತು ಸೋಗಿನಿಂದ ವಂಚನೆ ಎಂದು ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಆಸ್ಪತ್ರೆಯಲ್ಲಿ ಪಂಚನಾಮೆ ನಡೆಯಿತು. ಆಸ್ಪತ್ರೆಯ ಫೋನಿನಲ್ಲಿ ಧ್ವನಿಮುದ್ರಣವಾಗಿದ್ದ ಕರೆಯನ್ನು ಪಂಚರ ಎದುರು ಪೆನ್‌ಡ್ರೈವ್‌ಗಳಿಗೆ ಇಳಿಸಿಕೊಂಡು, ಒಂದನ್ನು ಸೀಲು ಮಾಡಿದರು. ಆಮೇಲೆ ಪ್ರಭುದೇವ ವಾರ್ಡಿಗೆ ಹೋದರು. ಮಂಜುಳಮ್ಮ ಎದೆಗೆ ದಿಂಬು ಅವುಚಿಕೊಂಡು ಕೂತಿದ್ದರು. ಪಕ್ಕದಲ್ಲಿ ಮಗಳು ಇಂಪನಾ.

"ಫೋನ್ ಮಾಡ್ಸಿದ್ದು ಯಾರಮ್ಮ?"

"ದೆಹಲೀಲಿ ನಮಗೆ ಯಾರಿದ್ದಾರೆ ಸರ್?" ಇಂಪನಾ ಹೇಳಿದಳು. "ಬೆಂಗಳೂರಲ್ಲೇ ಯಾರಿಲ್ಲ."

ಮಂಜುಳಮ್ಮ ಮಗಳ ಕೈ ಹಿಡಿದುಕೊಂಡರು. "ಸಾ, ಅಪ್ರೂಲ್ ಸುಳ್ಳು ಅಂತವ್ರಲ್ಲ, ಹಾಕಿರೋ ವಾಲ್ವು ವಾಪಸ್ ಕಿತ್ಕೊಂಬುಡ್ತಾರಾ?"

"ಇಲ್ಲಮ್ಮ. ಅದನ್ನ ಯಾರೂ ಜಪ್ತಿ ಮಾಡಕ್ಕಾಗಲ್ಲ."

ಹೇಳುವುದೇನೋ ಹೇಳಿದರು. ಆದರೆ ಬಿಲ್ಲು ಇಂಪನಾಳ ತಲೆಗೆ ಬಂದರೆ ಏನು ಗತಿ ಎಂಬ ಚಿಂತೆ ಹತ್ತಿತು. ಠಾಣೆಗೆ ಮರಳಿದವರೇ ಎರಡೂ ಸರ್ಕಾರಗಳ ಕಚೇರಿಗಳಿಗೆ ಒಂದೇ ಪ್ರಶ್ನೆಯ ಪತ್ರ ಕಳಿಸಿದರು: ಈ ಹೆಂಗಸಿನ ಚಿಕಿತ್ಸೆಗೆ ಹೂಂ ಅನ್ನಬೇಕಾದವರು ಯಾರು?

ಸಂಜೆ ಕಾನ್‌ಸ್ಟೆಬಲ್ ರೂಪಶ್ರೀ ಕಂಪ್ಯೂಟರಿನಲ್ಲಿ ಕರೆಯನ್ನು ಹಾಕಿದರು. ಮೊದಲು ಗಡಸು ಹಿಂದಿಯಲ್ಲಿ ದೆಹಲಿಯ ಸಾಹೇಬ ಗದರಿದ. ನಂತರ 'ಟೂಂ' ಎಂದು ಸದ್ದಾಗಿ ಬೆಂಗಳೂರಿನ ಸಾಹೇಬ ಬಂದ.

"ಹ್ಞಾಂ... ನೋಡ್ರಿ. ಬಿಲ್ಲಲ್ಲಿ ರೂಪಾಯಿಗೆ ಅರವತ್ತು ಪೈಸೆ ದೆಹಲಿಯವರದು, ನಲವತ್ತು ನಮ್ಮದು. ಅವರ ಪಟ್ಟೀಲಿ ಹೆಸರಿಲ್ವಾ, ರೂಪಾಯಿ ಪೂರ್ತಿ ನಮ್ಮದು. ಆ ಜಗಳ ನಾವು ಆಮೇಲೆ ಆಡ್ಕೋತೀವಿ, ಆಕೆ ಎದೆ ಕಾಯಲ್ಲ. ಒಂದು ಸಲ ಹೇಳ್ತೀನಿ, ಎರಡು ಸಲ ಹೇಳ್ತೀನಿ. ಮೂರನೇ ಸಲ ಹೇಳೋದಿಲ್ಲ, ಬರೀತೀನಿ."

ಜೊತೆಗೆ ಮೇಜು ಕುಟ್ಟುವ ಸದ್ದು. ರೂಪಶ್ರೀ ಕೆಮ್ಮು ಬಂದವರಂತೆ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಹೊರಗೋಡಿದರು. ಅಡವಿಯಪ್ಪ ಫ್ಯಾನನ್ನೇ ದಿಟ್ಟಿಸುತ್ತಾ ನಿಂತರು.

"ಏನು ದರ್ಪ ನೋಡ್ರಿ ಇವನದು," ಎಂದರು ಪ್ರಭುದೇವ. "ಇಂಥವನ ಕೈಕೆಳಗೆ ಕೆಲಸ ಮಾಡೋರ ಪಾಡೇನು, ಪಾಪ."

"ಕಷ್ಟ ಸಾ," ಎಂದರು ಅಡವಿಯಪ್ಪ.

ಕರೆ ಬಂದ ನಂಬರು ಕುಣಿಗಲ್ಲಿನ ದ್ಯಾವಪ್ಪನ ಹೆಸರಿನಲ್ಲಿತ್ತು. ಬುಧವಾರ ಜೀಪು ಅಲ್ಲಿಗೆ ಹೋಯಿತು. ದ್ಯಾವಪ್ಪ ಬಸ್ ನಿಲ್ದಾಣದ ಬಳಿ ಎಳನೀರು ಮಾರುವವನು.

"ಶುಕ್ರವಾರ ನಿನ್ನ ಫೋನ್ ಯಾರಿಗೆ ಕೊಟ್ಟಿದ್ದೆ?"

"ಎಳನೀರು ಕುಡ್ಯೋಕೆ ಬಂದಿದ್ದ ಒಬ್ಬ ಹುಡ್ಗ ಸಾ, ಅರ್ಜೆಂಟು ಅಂತ ಇಸ್ಕೊಂಡ. ಮರದ ಕೆಳ್ಗೆ ನಿಂತ್ಕಂಡು ಒಬ್ನೇ ಇಬ್ರ ಥರ ಮಾತಾಡ್ತಿದ್ದ. ಮಧ್ಯ ಬಾಯಲ್ಲೇ 'ಟೂಂ' ಅಂದ. ತಲೆ ಕೆಟ್ಟದೆ, ಪಾಪ, ಅನ್ಕಂಡು ದುಡ್ಡೂ ಇಸ್ಕೊಳ್ಲಿಲ್ಲ."

"ಹೆಸರು?"

"ಗೊತ್ತಿಲ್ಲ ಸಾ."

ಪ್ರಭುದೇವ ತಮ್ಮ ಫೋನಿನಲ್ಲಿ ಕರೆಯನ್ನು ಕೇಳಿಸಿದರು. ಎರಡನೆಯ ಧ್ವನಿ ಬಂದೊಡನೆ ದ್ಯಾವಪ್ಪನ ಮಚ್ಚು ಅರ್ಧದಲ್ಲೇ ನಿಂತಿತು. ಅವನು ಫೋನನ್ನು ನೋಡಿದ, ಇನ್‌ಸ್ಪೆಕ್ಟರನ್ನು ನೋಡಿದ.

"ಯಾಕ್ ಸಾ ಬಡವನ ಹತ್ರ ತಮಾಸೆ? ಇದು ನೀವೇ ಅಲ್ವಾ?"

ಜೀಪು ಕುಣಿಗಲ್ ದಾಟಿದ ಮೇಲೆ ಪ್ರಭುದೇವ ಹಿಂದಕ್ಕೆ ತಿರುಗಿದರು.

"ಅಡವಿಯಪ್ಪನವರೇ, ನಿನ್ನೆಯೇ ಗೊತ್ತಿತ್ತಾ?"

"ಹೆಂಗ್ ಹೇಳೋದು ಸಾ? ನಾವು ಗುಬ್ಬಿ ಠಾಣೇಲಿದ್ದಾಗ ನೀವು ಗಣಪತಿ ಹಬ್ಬದ ಮುಂಚೆ ಶಾಂತಿಸಭೆ ಮಾಡಿ, ಡಿಜೆ ಹಾಕ್ಬೇಡಿ ಅಂತ ಭಾಷಣ ಮಾಡ್ತಿದ್ರಲ್ಲ. ನೀವು ಆಕಡೆ ಹೋಗಿದ್ದೇ ತಡ, ಒಬ್ಬ ಹುಡ್ಗ ಮೈಕ್ ಹಿಡ್ಕೊಂಡು ಅದನ್ನೇ ನಿಮ್ಮ ಥರಾನೇ ಇನ್ನೊಂದ್ಸಲ ಮಾಡ್ತಿದ್ದ. ಜನ ಎರಡನೇದನ್ನೇ ಗಮನ ಇಟ್ಟು ಕೇಳೋರು."

"ನೀವೂ ಇರ್ತಿದ್ರಾ?"

"ಬಂದೋಬಸ್ತ್‌ಗೆ ಸಾ."

ಹುಡುಗನ ಹೆಸರು ಅಂಜನ್‌ಕುಮಾರ್. ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ. ಗುರುವಾರ ಪಾಳಿ ಮುಗಿಸಿ ಗೇಟಿನ ಹೊರಗೆ ಬಂದಾಗ ಅಡವಿಯಪ್ಪ ಹೆಸರು ಕರೆದರು. ಅವನು ಓಡಲಿಲ್ಲ. ಠಾಣೆಯಲ್ಲಿ ದ್ಯಾವಪ್ಪ ಅವನನ್ನು ಗುರುತಿಸಿದ. ದಸ್ತಗಿರಿಯ ಕಾರಣ ತಿಳಿಸಿ, ಮನೆಗೆ ಸುದ್ದಿ ಮುಟ್ಟಿಸಿ, ಪ್ರಭುದೇವ ಎದುರು ಕೂರಿಸಿಕೊಂಡರು.

"ಮಂಜುಳಮ್ಮ ನಿನಗೆ ಏನಾಗ್ಬೇಕು?"

"ಏನೂ ಆಗ್ಬೇಕಿಲ್ಲ ಸಾ. ನಾನು ಓದಿದ ಸ್ಕೂಲಲ್ಲಿ ಅಡುಗೆ ಮಾಡೋರು. ಮನೇಲಿ ರಾತ್ರಿ ಊಟಕ್ಕೆ ಗ್ಯಾರಂಟಿ ಇರ್ಲಿಲ್ಲ ಅಂತ ಅವರಿಗೆ ಗೊತ್ತಿತ್ತು. ಇನ್ನೊಂದು ಸೌಟು ಕೇಳಕ್ಕೆ ನನಗೆ ನಾಚಿಕೆ. 'ಹೆಡ್‌ಮಾಸ್ಟರ್ ಥರ ಮಾತಾಡು ನೋಡೋಣ, ಆಗ ಹಾಕ್ತೀನಿ' ಅನ್ನೋರು. ಭಿಕ್ಷೆ ಅನ್ನಿಸ್ಬಾರ್ದು ಅಂತ. ನಾನು ಮಿಮಿಕ್ರಿ ಕಲ್ತಿದ್ದು ಅಲ್ಲೇ."

"ಅವರಿಗೆ ಹೇಳಿದ್ಯಾ?"

"ಇಲ್ಲ ಸಾ. ಹೋದ ವಾರ ನೋಡಕ್ಕೆ ಹೋಗಿದ್ದೆ. ಉಸಿರು ಸಿಗ್ತಿರ್ಲಿಲ್ಲ. ದೆಹಲಿಗೂ ಬೆಂಗಳೂರಿಗೂ ನಾನೇ ಫೋನ್ ಮಾಡ್ದೆ. ಅರವತ್ತು, ನಲವತ್ತು ಎಲ್ಲಾ ಅವರೇ ಹೇಳಿದ್ದು. ಆದ್ರೆ ಇವರು ಅವರನ್ನ ಕೇಳು ಅಂತಾರೆ, ಅವರು ಇವರನ್ನ. ಸಾಕಾಯ್ತು, ಇಬ್ರೂ ನಾನೇ ಆದೆ."

"ಬೆಂಗಳೂರಿಗೆ ನನ್ನ ಧ್ವನಿಯೇ ಯಾಕೋ?"

ಅಂಜನ್ ನೆಲ ನೋಡಿದ. "ಹೇಳಿದ್ರೆ ಕೆಲಸ ಆಗೋ ಧ್ವನಿ ಅಂತ ನನಗೆ ಗೊತ್ತಿದ್ದಿದ್ದು ಅದೊಂದೇ ಸಾ."

ಪ್ರಭುದೇವ ಹೇಳಿಕೆಯ ಹಾಳೆಗಳನ್ನು ರೂಪಶ್ರೀಯತ್ತ ಸರಿಸಿದರು.

ಅಷ್ಟರಲ್ಲಿ ಬೆಂಗಳೂರಿನ ಕಚೇರಿಯಿಂದ ನಿಜವಾದ ಅಧಿಕಾರಿಯ ಫೋನು ಬಂತು. ಹೂಂ ಅನ್ನಬೇಕಾದವರು ತಾವೇ, ದೆಹಲಿಯವರೂ ಇದನ್ನೇ ಹೇಳಿದ್ದಾರೆ. ತುರ್ತು ಕೇಸಿಗೆ ಮೊದಲು ಚಿಕಿತ್ಸೆ, ಪಾಲಿನ ಲೆಕ್ಕ ಆಮೇಲೆ. ಮಂಜುಳಮ್ಮನ ಅರ್ಜಿ ಮಂಜೂರಾಗಿದೆ, ಆಸ್ಪತ್ರೆ ಬಿಲ್ಲು ಕೇಳುವಂತಿಲ್ಲ ಎಂದರು. ಕೊನೆಗೆ ತಡೆದು ಸೇರಿಸಿದರು: "ನಿಮ್ಮ ಆರೋಪಿ ಹೇಳಿದ ಮಾತಲ್ಲಿ ತಪ್ಪಿಲ್ಲ ಇನ್‌ಸ್ಪೆಕ್ಟರೇ. ಹೇಳಿದವನು ತಪ್ಪು, ಅಷ್ಟೇ."

ಸುದ್ದಿ ಕೇಳಿ ಅಂಜನ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಅವರು ಉಳ್ಕೊಂಡ್ರು. ನಿನ್ನ ಕೇಸು ಉಳ್ಕೊಳ್ತು," ಎಂದರು ಪ್ರಭುದೇವ. "ಬೆಳಗ್ಗೆ ಕೋರ್ಟಿಗೆ ಹಾಜರು ಮಾಡ್ಬೇಕು. ಜಾಮೀನಿಗೆ ವಕೀಲರನ್ನ ನೋಡ್ಕೋ."

"ಆಗ್ಲಿ ಸಾ."

ರೂಪಶ್ರೀ ಹೇಳಿಕೆಯ ಹಾಳೆಗಳನ್ನು ಜೋಡಿಸುತ್ತಾ ಮುಖ ಗಂಭೀರ ಮಾಡಿಕೊಂಡು ಕೇಳಿದರು. "ಸರ್, ಆ ಎರಡನೇ ಧ್ವನಿ ಯಾರದು ಅಂತ ಬರೀಲಿ?"

ಅಡವಿಯಪ್ಪನ ಮೀಸೆ ಅದುರಿತು. ಪ್ರಭುದೇವ ಹುಬ್ಬು ಗಂಟಿಕ್ಕಿ, ಪೆನ್ನಿನ ತುದಿಯಿಂದ ಮೇಜು ಕುಟ್ಟಿದರು.

"ಹ್ಞಾಂ... ನೋಡ್ರಿ. ಇದು ಠಾಣೆ, ನಾಟಕದ ಕಂಪನಿ ಅಲ್ಲ. ಒಂದು ಸಲ ಹೇಳ್ತೀನಿ, ಎರಡು ಸಲ..."

ಮಾತು ಅಲ್ಲೇ ನಿಂತಿತು. ಇಷ್ಟು ವರ್ಷದ ಸರ್ವೀಸಿನಲ್ಲಿ ಅವರು ತಮ್ಮ ಧ್ವನಿಯನ್ನು ತಾವೇ ಕೇಳಿದ್ದು ಅದೇ ಮೊದಲು. ಕೈಯಲ್ಲಿದ್ದ ಪೆನ್ನನ್ನು ನೋಡಿದರು, ಅಂಜನ್‌ನನ್ನು ನೋಡಿದರು. ಬಿಗಿದ ತುಟಿಗಳು ಬಿಡಿಸಿಕೊಂಡವು. ಮೊದಲು ರೂಪಶ್ರೀ ಕಿಸಕ್ಕೆಂದರು, ಅಡವಿಯಪ್ಪ ಗೋಡೆಗೆ ಮುಖ ತಿರುಗಿಸಿದರು. ಆದರೆ ರಸ್ತೆಯ ಆಚೆಯ ಟೀ ಅಂಗಡಿಯವರೂ ತಿರುಗಿ ನೋಡುವಂತೆ ಕೇಳಿಸಿದ ನಗು ಇನ್‌ಸ್ಪೆಕ್ಟರರದು.