ನೀರಿನ ಬಾಟಲಿ ಇದ್ದದ್ದು ಆ ಕಡೆ

ಲ್ಯಾಪ್‌ಟಾಪಿನಲ್ಲಿದ್ದ ಓಟ ಅವನದಲ್ಲ ಎಂದು ಅವಳಿಗೆ ನೋಡಿದ ಕೂಡಲೇ ಗೊತ್ತಾಯಿತು.

ಆ ಫುಟ್‌ಬಾಲ್ ತಂಡದವರೆಲ್ಲ ಬೆನ್ನಿಗೊಂದು ಪುಟ್ಟ ಜಿಪಿಎಸ್ ಕಟ್ಟಿಕೊಂಡೇ ಅಭ್ಯಾಸಕ್ಕಿಳಿಯುತ್ತಿದ್ದರು. ಯಾರ ವೇಗ ಕುಗ್ಗುತ್ತಿದೆ, ಯಾರ ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂದಿನ ಸ್ನಾಯು, ದಣಿದು ಹರಿಯುವ ಹಂತಕ್ಕೆ ಬಂದಿದೆ ಎಂದು ಮೊದಲೇ ಹೇಳುವುದು ಅವಳ ಕೆಲಸ. ಹುಡುಗರು ಅವಳಿಗೆ ಲೆಕ್ಕದಮ್ಮ ಎಂದು ಹೆಸರಿಟ್ಟಿದ್ದರು. ಎಲ್ಲರಿಗಿಂತ ಜೋರಾಗಿ ಓಡುವ ಅವನು ಗಾಳಿ. ಈ ವಾರವೆಲ್ಲ ಗಾಳಿಯ ವೇಗ ಇಳಿಯುತ್ತಲೇ ಇತ್ತು. ಇವತ್ತು ಇದ್ದಕ್ಕಿದ್ದಂತೆ ಎಲ್ಲ ಸರಿಹೋಗಿತ್ತು!

"ಕರೆದ್ರಂತೆ?" ಅವನು ಬಾಗಿಲಿಗೆ ಒರಗಿ ನಕ್ಕ. ಆ ನಗು ನೋಡಿದರೆ ಎಂಥ ಲೆಕ್ಕವೂ ತಪ್ಪುತ್ತದೆಂದು ಅವಳು ತಲೆಯೆತ್ತಲಿಲ್ಲ.

"ಇವತ್ತು ನಿಮ್ಮ ಜಿಪಿಎಸ್ ಯಾರಿಗೆ ಕಟ್ಟಿದ್ರಿ?"

"ಯಾರಿಗೂ ಇಲ್ಲಪ್ಪ." ಕಳ್ಳನ ಮನಸ್ಸು ಹುಳ್ಳುಳ್ಳಗೆ, ಕೈ ತಾನಾಗಿಯೇ ಎಡತೊಡೆಯ ಹಿಂದಕ್ಕೆ ಹೋಯಿತು.

"ನೋಯ್ತಿದ್ಯಾ?"

"ಸ್ವಲ್ಪ ಹಿಡ್ಕೊಂಡಿದೆ ಅಷ್ಟೆ. ನಾಳೆ ಮ್ಯಾಚಿಗೆ ಆಯ್ಕೆ ಸಮಿತಿಯವ್ರು ಬರ್ತಾರೆ. ನಮ್ಮಕ್ಕ ರಜೆ ಹಾಕಿ ಬರ್ತಿದ್ದಾಳೆ. ದಮ್ಮಯ್ಯ, ಕೋಚ್ ಸರ್‌ಗೆ ಹೇಳ್ಬೇಡಿ." ಕುರ್ಚಿಯಲ್ಲಿ ಕುಸಿದು ಕೂತ. "ನನ್ನ ಜಿಪಿಎಸ್ ಕಟ್ಕೊಂಡವನೂ ಹೆಚ್ಚುಕಮ್ಮಿ ನನ್ನಷ್ಟೇ ಜೋರಾಗಿ ಓಡ್ತಾನಲ್ಲ. ಹೇಗೆ ಗೊತ್ತಾಯ್ತು?"

ಅವಳು ಲ್ಯಾಪ್‌ಟಾಪನ್ನು ಅವನ ಕಡೆಗೆ ತಿರುಗಿಸಿದಳು. ಅವನು ಮೈದಾನದಲ್ಲಿ ಓಡಾಡಿದ ದಾರಿಯ ಗೆರೆಗಳು: ನಿನ್ನೆಯ ಗೆರೆ, ಮೊನ್ನೆಯ ಗೆರೆ. ಒಂದೊಂದು ಓಟ ಮುಗಿದಾಗಲೂ ಗೆರೆ ಅವಳು ಕೂರುವ ಬೆಂಚಿನವರೆಗೆ ಬಂದು ಹೋಗಿತ್ತು.

"ಇವತ್ತೂ ನೀವು ಬಂದ್ರಿ. ಗೆರೆ ಬರ್ಲಿಲ್ಲ."

"ನೀರು ಕುಡಿಯೋಕೆ ಬರ್ತೀನಿ."

"ಬಾಟಲಿ ಇರೋದು ಆ ಕಡೆ."

ಅವನ ಕಿವಿ ಕೆಂಪೇರಿತು. ಬೇರೆ ದಿನವಾಗಿದ್ದರೆ ಅವಳಿಗೆ ಅಷ್ಟೇ ಸಾಕಿತ್ತು. ಎಷ್ಟೋ ಸಂಜೆ ಎಲ್ಲರ ಲೆಕ್ಕ ಮುಗಿದ ಮೇಲೂ ಬೆಂಚಿನ ಕಡೆಗಿನ ಆ ತಿರುವುಗಳನ್ನೇ ನೋಡುತ್ತ ಕೂತಿದ್ದಳು. ಅವನು ಅವಳಿಗೆ ಬೇಕಾಗಿದ್ದ, ತುಂಬಾ ಬೇಕಾಗಿದ್ದ. ಈಗ ಬಾಯಿ ಬಿಟ್ಟರೆ ಕೈತಪ್ಪಿ ಹೋಗುತ್ತಾನೆ.

"ಹರಿದ್ರೆ ಇಡೀ ಸೀಸನ್ ಹೋಗುತ್ತೆ. ನಾನು ಸರ್‌ಗೆ ಹೇಳ್ಲೇಬೇಕು," ಎಂದಳು. "ಆಮೇಲೆ ನೀವು ನನ್ನ ಮುಖ ನೋಡ್ದೇ ಇದ್ರೂ ಸರಿ."

ಅವನು ಎದ್ದು ಹೋದ.

ಮರುದಿನ ಅವನಿಲ್ಲದೆ ಆಟ ಶುರುವಾಯಿತು. ಸಮಿತಿಯವರು ಬಂದು ಕೂತಿದ್ದರು. ಮೈದಾನದತ್ತ ಕಣ್ಣೆತ್ತಲು ಧೈರ್ಯ ಸಾಲದೆ ಅವಳು ಲ್ಯಾಪ್‌ಟಾಪನ್ನೇ ನೋಡುತ್ತಿದ್ದಳು. ಆಡದೇ ಇದ್ದರೂ ಜಿಪಿಎಸ್ ಕಟ್ಟಿಕೊಂಡಿದ್ದವನ ಗೆರೆಯೊಂದು ಅಲ್ಲಿ ಅಲುಗಾಡಿತು.

ಅದು ಬಾಟಲಿಗಳಿದ್ದ ಕಡೆಯಿಂದ ಹೊರಟು, ಮೈದಾನವನ್ನು ಬಳಸಿಕೊಂಡು, ಅವಸರವಿಲ್ಲದೆ ಬರುತ್ತಿತ್ತು. ಒಂದು ಕಡೆ ಸುಧಾರಿಸಿಕೊಂಡು ಮತ್ತೆ ಹೊರಟಿತು. ಅವಳು ಉಸಿರು ಹಿಡಿದು ನೋಡಿದಳು. ಗೆರೆ ಅವಳ ಬೆಂಚಿನ ಹತ್ತಿರ ಬಂದು ನಿಂತಿತು. ಈ ಸಲ ತಿರುಗಿ ಹೋಗಲಿಲ್ಲ.

"ನೀರು," ಎಂದ ಅವನು, ಬಾಟಲಿ ಚಾಚಿ. "ಆ ಕಡೆಯಿಂದಾನೇ ತಂದಿದೀನಿ."

"ಕೋಪ ಇಲ್ವಾ?"

"ರಾತ್ರಿಯೆಲ್ಲ ಇತ್ತು. ಈಗ ಕಾಲು ನೋಯ್ತಿದೆ. ಸ್ವಲ್ಪ ಸರಿದು ಕೂತ್ಕೊಳ್ಳಿ."

ಅವಳು ಲ್ಯಾಪ್‌ಟಾಪ್ ಮಡಿಲಿಗೆಳೆದುಕೊಂಡು ಜಾಗ ಬಿಟ್ಟಳು.